ವಿಲ್ಯಾನ್ 4094 ಇರೋದು ಹೆಸರಿಗೆ: ಇಎಸ್‌ಎಕ್ಸ್‌ಐ, ಪ್ರಾಕ್ಸ್‌ಮಾಕ್ಸ್, ಹೈಪರ್-ವಿ, ಎಕ್ಸ್‌ಸಿಪಿ-ಎನ್‌ಜಿ ಇವುಗಳಲ್ಲಿ ಯಾವ್ದು ನಿಮಗೆ?

ಈ ನಾಲ್ಕೂ ಹೈಪರ್‌ವೈಸರ್, ಅಂದ್ರೆ ಒಂದು ಸರ್ವರಲ್ಲಿ (ಹೋಸ್ಟ್) ಹಲವು ವರ್ಚುಯಲ್ ಮಷೀನ್ (ವಿಎಂ, ಇಲ್ಲಾ ಗೆಸ್ಟ್) ಓಡ್ಸೋ ಸಾಫ್ಟ್‌ವೇರು. ವಿಲ್ಯಾನ್ ಅಂದ್ರೆ ಒಂದೇ ಸ್ವಿಚ್ಚು ಕೇಬಲ್ಲಲ್ಲಿ ಬೇರೆ ಬೇರೆ ನೆಟ್ವರ್ಕ್ ಮಾಡೋದು, ಪ್ರತಿಯೊಂದಕ್ಕೂ ಒಂದು ನಂಬರು. 2023ರ ನವೆಂಬರಲ್ಲಿ ಬ್ರಾಡ್‌ಕಾಮ್‌ನೋರು ಇಎಸ್‌ಎಕ್ಸ್‌ಐ ಮಾಡೋ ವಿಎಂವೇರ್ ಕಂಪನಿನ ಕೊಂಡ್ಕೊಂಡ್ರಲ್ಲ, ಆಮೇಲೆ ಒಂದ್ಸಲ ದುಡ್ಡು ಕೊಟ್ಟು ಇಟ್ಕೊಳ್ಳೋ ಲೈಸೆನ್ಸೂ ನಿಂತೋಯ್ತು, ಅವತ್ತಿಂದ ಇನ್‌ಫ್ರಾ ಕೆಲಸ ಮಾಡೋ ಯಾರು ಸಿಕ್ಕಿದ್ರೂ ಇದೇ ಮಾತು. ನಮ್ದು ಇಷ್ಟು ವಿಲ್ಯಾನ್ ಇದೆ, ಪ್ರಾಕ್ಸ್‌ಮಾಕ್ಸ್‌ಗೆ ಹೋದ್ರೆ ನಡಿಯತ್ತಾ, ಹೈಪರ್-ವಿಲಿ ಟ್ರಂಕ್ (ಒಂದೇ ಲಿಂಕಲ್ಲಿ ಹಲವು ವಿಲ್ಯಾನ್) ಸರಿಯಾಗಿ ಬರತ್ತಾ, ಇಲ್ಲಾ ಕಣ್ಮುಚ್ಕೊಂಡು ರಿನ್ಯೂವಲ್ ಕಟ್ಬಿಡೋದಾ. ಇದಕ್ಕೆ ಸಾಮಾನ್ಯವಾಗಿ ಜನ ಮಾಡೋದೇನು ಅಂದ್ರೆ ಪ್ರತಿಯೊಂದರ ಮ್ಯಾಕ್ಸಿಮಮ್ ಪಟ್ಟಿ ತೆಗ್ದು ಎಕ್ಸೆಲ್ ಶೀಟಲ್ಲಿ ಅಕ್ಕಪಕ್ಕ ಹಾಕಿ ದೊಡ್ಡ ನಂಬರ್ ಯಾರ್ದು ಅಂತ ನೋಡೋದು. ನನ್ನ ಪ್ರಕಾರ ಅದು ವೇಸ್ಟು. ಪಟ್ಟಿಲಿರೋ ದೊಡ್ಡ ನಂಬರಿನ ಹತ್ರಕ್ಕೂ ನೀವು ಹೋಗಲ್ಲ, ಅದಕ್ಕಿಂತ ಎಷ್ಟೋ ಮುಂಚೆ ಯಾರೂ ಹೇಳದೇ ಇರೋ ಸಣ್ಣ ಲಿಮಿಟ್ಟೊಂದು ಅಡ್ಡ ಬಂದಿರತ್ತೆ. ಆ ಸಣ್ಣ ಲಿಮಿಟ್ಟುಗಳನ್ನ ನೋಡಿ ಆರಿಸ್ಕೊಳ್ಳೋದು ಹೇಗೆ ಅಂತ ಇಲ್ಲಿ ಬರೀತಿದೀನಿ.

ಮೊದ್ಲು ಏನೇನು ಅಳೀಬೇಕು

ನೆಟ್ವರ್ಕಲ್ಲಿ ಹೋಗೋ ಪ್ರತಿ ಫ್ರೇಮಿಗೂ (ಡೇಟಾ ತುಂಡು) ಅದು ಯಾವ ವಿಲ್ಯಾನಿಂದು ಅಂತ ಅಂಟಿಸೋ ಗುರುತೇ 802.1ಕ್ಯೂ ಟ್ಯಾಗು, ಅದ್ರಲ್ಲಿ ವಿಲ್ಯಾನ್ ನಂಬರಿಗೆ ಇರೋದು 12 ಬಿಟ್. ಅಂದ್ರೆ 4096, ಅದ್ರಲ್ಲಿ 0 ಮತ್ತು 4095 ಮೀಸಲು, ಉಳಿಯೋದು 1ರಿಂದ 4094. ಇದು ಸ್ಟ್ಯಾಂಡರ್ಡಿನ ಲಿಮಿಟ್ಟು, ಯಾವ ಹೈಪರ್‌ವೈಸರ್ ತಗೊಂಡ್ರೂ ಇಷ್ಟೇ, ಹಾಗಾಗಿ "ನಮ್ಮಲ್ಲಿ 4094 ಸಪೋರ್ಟ್ ಇದೆ" ಅಂತ ಸೇಲ್ಸ್‌ನೋರು ಹೇಳಿದ್ರೆ ಅದರಲ್ಲಿ ಹೊಸ ವಿಷಯ ಏನೂ ಇಲ್ಲ.

ನಿಜವಾಗ್ಲೂ ನೋಡ್ಬೇಕಾಗಿರೋದ್ರಲ್ಲಿ ಮೊದಲನೇದು ಒಂದು ವಿಎಂಗೆ ಎಷ್ಟು ವರ್ಚುಯಲ್ ನಿಕ್ (ನೆಟ್ವರ್ಕ್ ಕಾರ್ಡ್) ಹಾಕ್ಬಹುದು, ಮತ್ತೆ ಅದು ಸಾಕಾಗ್ಲಿಲ್ಲ ಅಂದ್ರೆ ಒಂದೇ ನಿಕ್ಕಲ್ಲಿ ಎಲ್ಲಾ ಟ್ಯಾಗೂ ಕಳಿಸಕ್ಕೆ, ಅಂದ್ರೆ ಗೆಸ್ಟ್ ಒಳಗೆ ಟ್ರಂಕ್ ಕೊಡಕ್ಕೆ, ಎಷ್ಟು ಸುಲಭ ಅನ್ನೋದು. ಮಾಮೂಲಿ ವಿಎಂಗೆ ಒಂದೋ ಎರಡೋ ನಿಕ್ ಸಾಕು, ಅದಕ್ಕೆ ಈ ಪ್ರಶ್ನೆ ಯಾರಿಗೂ ಹೊಳಿಯಲ್ಲ. ಆದ್ರೆ ಪಿಎಫ್‌ಸೆನ್ಸೋ ಓಪಿಎನ್‌ಸೆನ್ಸೋ ಇನ್ಯಾವ್ದೋ ವರ್ಚುಯಲ್ ಫೈರ್‌ವಾಲೋ ಇದ್ರೆ ಅದು ಎಲ್ಲಾ ವಿಲ್ಯಾನಲ್ಲೂ ಕಾಲಿಟ್ಟಿರ್ಬೇಕು, ಅಲ್ಲೇ ಮೊದಲ ಪೆಟ್ಟು ಬೀಳೋದು.

ಎರಡನೇದು ಹೋಸ್ಟಿನ ಒಳಗಿನ ಸ್ವಿಚ್ಚು ಮತ್ತೆ ಅದರ ಕೆಳಗಿರೋ ಫಿಸಿಕಲ್ ನಿಕ್ ಕಾರ್ಡು. ಈ ಕಾರ್ಡಿನ ವಿಷಯ ಯಾವ ಹೋಲಿಕೆ ಪಟ್ಟಿಲೂ ಬರಲ್ಲ, ಆದ್ರೆ ಅತೀ ಹೆಚ್ಚು ಟೈಮ್ ತಿನ್ನೋದು ಇದೇ, ಪ್ರಾಕ್ಸ್‌ಮಾಕ್ಸ್ ಬಂದಾಗ ವಿವರವಾಗಿ ಹೇಳ್ತೀನಿ.

ಮೂರನೇದು ಹೊಸ ವಿಲ್ಯಾನ್ ಒಂದು ಸೇರಿಸ್ಬೇಕು ಅಂದ್ರೆ ಎಷ್ಟು ಜಾಗದಲ್ಲಿ ಕೈ ಹಾಕ್ಬೇಕು. ಎರಡು ಹೋಸ್ಟ್ ಇದ್ರೆ ಲೆಕ್ಕಕ್ಕಿಲ್ಲ, ಹದಿನಾರು ಹೋಸ್ಟ್ ಇದ್ರೆ ಇದೇ ಮುಖ್ಯ.

ನಾಲ್ಕನೇದು ದುಡ್ಡು. ಅಂದ್ರೆ ಬರೀ ಹೈಪರ್‌ವೈಸರಿನ ರೇಟಲ್ಲ, ನಿಮಗೆ ಬೇಕಾಗಿರೋ ನೆಟ್ವರ್ಕ್ ಫೀಚರ್ ಯಾವ ಎಡಿಶನಲ್ಲಿ ಕೂತಿದೆ ಅನ್ನೋದು.

ಐದನೇದು, ಇದು ಕೆಲವರಿಗೆ ಮಾತ್ರ, 4094 ನಿಜವಾಗ್ಲೂ ಖಾಲಿಯಾದ್ರೆ ಮುಂದೇನು ಅಂತ.

ಹೈಪರ್‌ವೈಸರ್ ಆರಿಸೋ ಮುಂಚೆ ಕೆಳಗಿನ ಸ್ವಿಚ್ಚು ನೋಡಿ

ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಕೆಲವರ ಪ್ರಶ್ನೆ ಇಲ್ಲಿಗೇ ಮುಗ್ದೋಗತ್ತೆ. ಸ್ವಿಚ್ಚಿನ ಡೇಟಾಶೀಟಲ್ಲಿ "4ಕೆ ವಿಲ್ಯಾನ್ ಐಡಿ" ಅಂತ ಇರೋದು ಬೇರೆ, ಒಂದೇ ಸಲಕ್ಕೆ ಎಷ್ಟು ವಿಲ್ಯಾನ್ ಆಕ್ಟಿವ್ ಇರ್ಬಹುದು ಅನ್ನೋದು ಬೇರೆ. ಛತ್ರದಲ್ಲಿ ಸಾವಿರ ಜನಕ್ಕೆ ಜಾಗ ಇದೆ ಅಂದ್ರೆ ಒಂದೇ ಪಂಕ್ತಿಲಿ ಸಾವಿರ ಎಲೆ ಹಾಕಕ್ಕಾಗತ್ತೆ ಅಂತಲ್ಲವಲ್ಲ, ಹಾಗೆ. ಮನೆ ಲ್ಯಾಬಲ್ಲಿ ತುಂಬಾ ಜನ ಇಟ್ಕೊಂಡಿರೋ ಟಿಪಿ-ಲಿಂಕ್ ಟಿಎಲ್-ಎಸ್‌ಜಿ108ಇ ತಗೊಳ್ಳಿ, ನಂಬರ್ 4094ರವರೆಗೆ ಯಾವ್ದು ಬೇಕಾದ್ರೂ ಕೊಡ್ಬಹುದು, ಆದ್ರೆ ಒಟ್ಟು 32 ವಿಲ್ಯಾನ್ ಅಷ್ಟೇ. ಆಫೀಸುಗಳಲ್ಲಿ, ಕಾಲೇಜುಗಳಲ್ಲಿ ಇನ್ನೂ ಓಡ್ತಿರೋ ಸಿಸ್ಕೋ ಕ್ಯಾಟಲಿಸ್ಟ್ 2960ರ ಲ್ಯಾನ್ ಬೇಸ್ ಸಾಫ್ಟ್‌ವೇರಲ್ಲಿ 255 ಆಕ್ಟಿವ್ ವಿಲ್ಯಾನ್, ಲ್ಯಾನ್ ಲೈಟ್ ಆದ್ರೆ 64.

ಇದಕ್ಕಿಂತ ಅಪಾಯದ್ದು ಸ್ಪ್ಯಾನಿಂಗ್ ಟ್ರೀ (ಎಸ್‌ಟಿಪಿ), ಅಂದ್ರೆ ನೆಟ್ವರ್ಕಲ್ಲಿ ಲೂಪ್ ಆಗದಂಗೆ ತಡಿಯೋ ವ್ಯವಸ್ಥೆಯ ಲಿಮಿಟ್ಟು. ಸಿಸ್ಕೋಲಿ ಡೀಫಾಲ್ಟಾಗಿ ಪ್ರತಿ ವಿಲ್ಯಾನಿಗೂ ಒಂದೊಂದು ಎಸ್‌ಟಿಪಿ ಇನ್‌ಸ್ಟನ್ಸ್ ಓಡತ್ತೆ, 2960ಲಿ ಅದು 128ಕ್ಕೆ ನಿಲ್ಲತ್ತೆ. ನೂರ ಇಪ್ಪತ್ತೊಂಬತ್ತನೇ ವಿಲ್ಯಾನ್ ಹಾಕಿದ್ರೆ ಅದು ಕೆಲಸ ಮಾಡತ್ತೆ, ಟ್ರಾಫಿಕ್ ಹೋಗತ್ತೆ, ಎಲ್ಲಾ ಚೆನ್ನಾಗಿದೆ ಅನ್ಸತ್ತೆ, ಆದ್ರೆ ಅದರ ಮೇಲೆ ಲೂಪ್ ತಡಿಯೋ ಕಾವಲೇ ಇಲ್ಲ, ಯಾರೋ ಒಬ್ರು ತಪ್ಪು ಕೇಬಲ್ ಚುಚ್ಚಿದ ದಿನ ಗೊತ್ತಾಗತ್ತೆ. ನೂರರ ಹತ್ರ ಬಂದಿದೀರ ಅಂದ್ರೆ ಎಂಎಸ್‌ಟಿ ಅನ್ನೋ ಥರದ ಸ್ಪ್ಯಾನಿಂಗ್ ಟ್ರೀಗೆ ಬದಲಾಯಿಸ್ಕೊಳ್ಳಿ, ಅದ್ರಲ್ಲಿ ನೂರಾರು ವಿಲ್ಯಾನನ್ನ ಎರಡ್ಮೂರು ಇನ್‌ಸ್ಟನ್ಸಿಗೆ ಗುಂಪು ಮಾಡ್ಬಹುದು. ನಂಬರ್ ಪ್ಲಾನ್ ಮಾಡೋವಾಗ್ಲೂ ಅಷ್ಟೇ, ಸಿಸ್ಕೋಲಿ 1002ರಿಂದ 1005 ಹಳೇ ಟೋಕನ್ ರಿಂಗ್, ಎಫ್‌ಡಿಡಿಐ ಕಾಲದ ಮೀಸಲು, ನೆಕ್ಸಸ್ 9000ಲಿ 3968ರಿಂದ ಮೇಲಿಂದೆಲ್ಲಾ ಡೀಫಾಲ್ಟಾಗಿ ಸ್ವಿಚ್ಚೇ ಇಟ್ಕೊಂಡಿರತ್ತೆ. "ಮ್ಯಾನೇಜ್‌ಮೆಂಟ್ ವಿಲ್ಯಾನ್ ಕೊನೇದಿರ್ಲಿ, 4000 ಕೊಡೋಣ" ಅಂತ ಚೆಂದಕ್ಕೆ ನಂಬರ್ ಇಟ್ಕೊಂಡ್ರೆ ಸ್ವಿಚ್ ಬದಲಾಯಿಸೋ ದಿನ ತೊಂದ್ರೆ.

ವಿಎಂವೇರ್ ಇಎಸ್‌ಎಕ್ಸ್‌ಐ

ಒಂದು ವಿಎಂಗೆ 10 ವರ್ಚುಯಲ್ ನಿಕ್, ಅದಕ್ಕಿಂತ ಜಾಸ್ತಿ ಇಲ್ಲ. ಹೋಸ್ಟಿಗೆ 4096 ಪೋರ್ಟು, ಅದ್ರಲ್ಲಿ ಒಂದೇ ಸಲಕ್ಕೆ ಆಕ್ಟಿವ್ ಇರ್ಬಹುದಾದದ್ದು 1016, ಒಂದು ಸ್ಟ್ಯಾಂಡರ್ಡ್ ಸ್ವಿಚ್ಚಿಗೆ (ಒಂದೇ ಹೋಸ್ಟಿನ ಒಳಗಿನ ವರ್ಚುಯಲ್ ಸ್ವಿಚ್ಚು) 512 ಪೋರ್ಟ್ ಗ್ರೂಪ್ (ಹೆಸರು, ವಿಲ್ಯಾನ್ ನಂಬರ್ ಕೊಟ್ಟ ಪೋರ್ಟುಗಳ ಗುಂಪು). ಒಂದು ಹೋಸ್ಟಲ್ಲಿ ಸಾವಿರ ನಿಕ್ ಆನ್ ಆಗಿರೋದು ವಿಡಿಐ (ವರ್ಚುಯಲ್ ಡೆಸ್ಕ್‌ಟಾಪ್) ಬಿಟ್ರೆ ಬೇರೆ ಕಡೆ ಅಪರೂಪ, ಅದಕ್ಕೆ ತಲೆ ಕೆಡಿಸ್ಕೊಬೇಡಿ. ತೊಂದ್ರೆ ಕೊಡೋದು ಆ 10.

ಫೈರ್‌ವಾಲ್ ವಿಎಂಗೆ ಹತ್ತು ವಿಲ್ಯಾನಿಗೆ ಹತ್ತು ನಿಕ್ ಹಾಕಿ, ಹನ್ನೊಂದನೇದು ಬಂದಾಗ ಮುಗೀತು. ಅದಕ್ಕೂ ಮುಂಚೆ ಇನ್ನೊಂದು ಕಿರಿಕಿರಿ ಇದೆ, ನಾಲ್ಕೈದು ನಿಕ್ ದಾಟಿದ್ಮೇಲೆ ಹೊಸದೊಂದು ಸೇರಿಸಿದ್ರೆ ಗೆಸ್ಟ್ ಒಳಗೆ ಪಿಸಿಐ ಕ್ರಮ ಆಚೀಚೆ ಆಗಿ ಇಂಟರ್‌ಫೇಸ್ ಹೆಸರುಗಳು ಅದಲು ಬದಲಾಗತ್ತೆ, ಅಂದ್ರೆ ವ್ಯಾನ್ (ಇಂಟರ್ನೆಟ್ ಕಡೆ) ಇದ್ದ ಜಾಗಕ್ಕೆ ಡಿಎಂಝಡ್ (ಹೊರಗಿನವರಿಗೆ ತೆರೆದ ಸರ್ವರುಗಳ ನೆಟ್ವರ್ಕ್) ಬಂದು ಕೂತಿರತ್ತೆ. ಪಿಎಫ್‌ಸೆನ್ಸ್ ಓಡಿಸೋರಿಗೆ ಇದು ಹಳೇ ಕಥೆ. ಅದಕ್ಕೇ ಮೂರ್ನಾಲ್ಕು ವಿಲ್ಯಾನ್ ದಾಟತ್ತೆ ಅಂತ ಗೊತ್ತಿದ್ರೆ ಮೊದಲ ದಿನಾನೇ ಟ್ರಂಕ್ ಮಾಡಿ. ಸ್ಟ್ಯಾಂಡರ್ಡ್ ಸ್ವಿಚ್ಚಲ್ಲಿ ಪೋರ್ಟ್ ಗ್ರೂಪಿಗೆ ವಿಲ್ಯಾನ್ 4095 ಅಂತ ಕೊಟ್ರೆ ಎಲ್ಲಾ ಟ್ಯಾಗೂ ಹಾಗ್ಹಾಗೇ ಗೆಸ್ಟಿಗೆ ಹೋಗತ್ತೆ, ಒಳಗೆ ನೀವು ವಿಲ್ಯಾನ್ ಇಂಟರ್‌ಫೇಸ್ ಮಾಡ್ಕೊಳ್ಳೋದು. ಸಮಸ್ಯೆ ಏನಂದ್ರೆ ಇದು ಎಲ್ಲಾನೂ ಕೊಡತ್ತೆ, "20ರಿಂದ 40 ಮಾತ್ರ" ಅನ್ನಕ್ಕಾಗಲ್ಲ. ಹಾಗೆ ರೇಂಜ್ ಕೊಡ್ಬೇಕು, ಪ್ರೈವೇಟ್ ವಿಲ್ಯಾನ್ (ಒಂದೇ ವಿಲ್ಯಾನಲ್ಲಿರೋ ವಿಎಂಗಳನ್ನೂ ಒಂದಕ್ಕೊಂದು ಕಾಣದಂಗೆ ಮಾಡೋದು) ಬೇಕು, ವಿಲ್ಯಾನ್ ಒಂದ್ಸಲ ಬರೆದ್ರೆ ಎಲ್ಲಾ ಹೋಸ್ಟಿಗೂ ಹೋಗ್ಬೇಕು ಅಂದ್ರೆ ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಬೇಕು.

ಇಲ್ಲೇ ಬಜೆಟ್ ಕಚ್ಚೋದು. ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚು ಮೇಲಿನ ಲೈಸೆನ್ಸಿಗೆ ಮಾತ್ರ, ಮೊದ್ಲು ಎಂಟರ್‌ಪ್ರೈಸ್ ಪ್ಲಸ್ ಇತ್ತು, ಈಗ ವಿಸ್ಫಿಯರ್ (ಇಎಸ್‌ಎಕ್ಸ್‌ಐ ಸೇರಿರೋ ವಿಎಂವೇರ್ ಪ್ಯಾಕೇಜು) ಸ್ಟ್ಯಾಂಡರ್ಡ್ ತಗೊಂಡ್ರೆ ಅದು ಬರಲ್ಲ, ವಿಸ್ಫಿಯರ್ ಫೌಂಡೇಶನ್‌ಗೆ ಹೋಗ್ಬೇಕು. ಲೆಕ್ಕ ಕೋರ್ ಮೇಲೆ, ನಿಮ್ಮ ಸಿಪಿಯುಲಿ 8 ಕೋರೇ ಇದ್ರೂ 16 ಅಂತ್ಲೇ ಹಿಡಿಯೋದು. ಫ್ರೀ ಇಎಸ್‌ಎಕ್ಸ್‌ಐ 2024ರ ಶುರುವಲ್ಲಿ ತೆಗ್ದಿದ್ರು, 2025ರ ಏಪ್ರಿಲಲ್ಲಿ 8.0 ಅಪ್‌ಡೇಟ್ 3ಇ ಜೊತೆ ಮತ್ತೆ ಬಂತು, ಆದ್ರೆ ಅದನ್ನ ವಿಸೆಂಟರಿಗೆ (ಎಲ್ಲಾ ಹೋಸ್ಟನ್ನೂ ಒಂದೇ ಕಡೆಯಿಂದ ನೋಡ್ಕೊಳ್ಳೋ ಸಾಫ್ಟ್‌ವೇರು) ಜೋಡ್ಸಕ್ಕಾಗಲ್ಲ, ವಿಸೆಂಟರ್ ಇಲ್ಲ ಅಂದ್ರೆ ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚೂ ಇಲ್ಲ, ಒಂದು ವಿಎಂಗೆ 8 ವಿಸಿಪಿಯು ಮಿತಿ ಬೇರೆ. ಕಲಿಯೋದಕ್ಕೆ ಸರಿ.

ಇಷ್ಟೆಲ್ಲಾ ಬೈದ್ಮೇಲೆ ಒಂದು ಒಳ್ಳೇ ಮಾತೂ ಹೇಳ್ಬೇಕು, ಇಎಸ್‌ಎಕ್ಸ್‌ಐನ ಸ್ವಿಚ್ಚು ಒಂದು ಅಪ್‌ಲಿಂಕಿಂದ (ಹೊರಗಿನ ಸ್ವಿಚ್ಚಿಗೆ ಹೋಗೋ ಲಿಂಕು) ಬಂದಿದ್ದನ್ನ ಇನ್ನೊಂದು ಅಪ್‌ಲಿಂಕಿಗೆ ಕಳ್ಸೋದೇ ಇಲ್ಲ, ಹಾಗಾಗಿ ಲೂಪ್ ಮಾಡ್ಬೇಕು ಅಂದ್ರೂ ಕಷ್ಟ. ಗೆಸ್ಟ್ ಒಳಗಿಂದ ಬಿಪಿಡಿಯು (ಸ್ಪ್ಯಾನಿಂಗ್ ಟ್ರೀ ಮೆಸೇಜು) ಬಂದ್ರೆ ತಡಿಯೋ ಸೆಟ್ಟಿಂಗೂ ಇದೆ, ಅದಿಲ್ಲ ಅಂದ್ರೆ ಯಾವ್ದೋ ವಿಎಂ ಕಳಿಸಿದ ಒಂದು ಬಿಪಿಡಿಯುಗೆ ಮೇಲಿನ ಸ್ವಿಚ್ಚಿನ ಬಿಪಿಡಿಯು ಗಾರ್ಡ್ ಇಡೀ ಹೋಸ್ಟಿನ ಪೋರ್ಟನ್ನೇ ಬಂದ್ ಮಾಡ್ಬಿಡತ್ತೆ. ಇಂಥ ಸಣ್ಣ ಸಣ್ಣ ಜಾಗಗಳಲ್ಲೇ ಇಪ್ಪತ್ತು ವರ್ಷದ ಪ್ರಾಡಕ್ಟು ಅನ್ನೋದು ಗೊತ್ತಾಗೋದು.

ಪ್ರಾಕ್ಸ್‌ಮಾಕ್ಸ್

ಹೆಚ್ಚಿನವರು ಕಣ್ಣಿಟ್ಟಿರೋದು ಇದರ ಮೇಲೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಒಂದು ವಿಎಂಗೆ ನೆಟ್0ರಿಂದ ನೆಟ್31ರವರೆಗೆ 32 ನಿಕ್. ಎಲ್ಲಾ ಫೀಚರೂ ಫ್ರೀ, ದುಡ್ಡು ಕೊಟ್ರೆ ಸಿಗೋದು ಎಂಟರ್‌ಪ್ರೈಸ್ ರೆಪಾಸಿಟರಿ (ಅಪ್‌ಡೇಟ್ ಬರೋ ಜಾಗ) ಮತ್ತೆ ಮೇಲಿನ ಹಂತಗಳಲ್ಲಿ ಸಪೋರ್ಟು, ಅದೂ ಸಾಕೆಟ್ ಲೆಕ್ಕ, ಕೋರ್ ಎಷ್ಟಿದ್ರೂ ಕೇಳಲ್ಲ.

ಒಳಗಿರೋದು ಮಾಮೂಲಿ ಲಿನಕ್ಸ್ ಬ್ರಿಡ್ಜು, ಅಂದ್ರೆ ಲಿನಕ್ಸ್ ಒಳಗಿನ ಸಾಫ್ಟ್‌ವೇರ್ ಸ್ವಿಚ್ಚು. ಇದನ್ನ ಎರಡು ಥರ ನಡೆಸ್ಬಹುದು. ಹಳೇ ಥರದಲ್ಲಿ ನೀವು ವಿಎಂಗೆ ಟ್ಯಾಗ್ 100 ಅಂತ ಕೊಟ್ರೆ ಅದು ಹಿಂದೆ ಒಂದು ವಿಲ್ಯಾನ್ ಇಂಟರ್‌ಫೇಸು ಮತ್ತೆ ಆ ವಿಲ್ಯಾನಿಗೇ ಅಂತ ಒಂದು ಬ್ರಿಡ್ಜು ಮಾಡ್ಕೊಳ್ಳತ್ತೆ, ಐವತ್ತು ವಿಲ್ಯಾನಿಗೆ ಐವತ್ತು ಜೊತೆ. ಫೈರ್‌ವಾಲ್ ಟಿಕ್ ಹಾಕಿದ್ರೆ ಪ್ರತಿ ನಿಕ್ಕಿಗೂ ಇನ್ನೊಂದು ಪುಟ್ಟ ಬ್ರಿಡ್ಜು, ಅದರ ಎರಡು ತುದಿ, ಹೀಗೆ ಇಂಟರ್‌ಫೇಸ್ ಪಟ್ಟಿ ನೋಡಿದ್ರೆ ಸ್ಕ್ರೀನ್ ಮೇಲೆ ಸ್ಕ್ರೀನ್ ಹೋಗ್ತಿರತ್ತೆ. ಕೆಲಸ ಮಾಡತ್ತೆ, ಡೀಬಗ್ ಮಾಡೋವಾಗ ಕಣ್ಣು ನೋವು. ಹೊಸ ಥರ ಅಂದ್ರೆ ವಿಲ್ಯಾನ್ ಅವೇರ್ ಬ್ರಿಡ್ಜು, ಒಂದೇ ಬ್ರಿಡ್ಜು, ಎಲ್ಲಾ ಟ್ಯಾಗೂ ಅದರಲ್ಲೇ, ಟ್ಯಾಗ್ ಖಾಲಿ ಬಿಟ್ರೆ ಗೆಸ್ಟಿಗೆ ಪೂರ್ತಿ ಟ್ರಂಕು, ಕೆಲವೇ ವಿಲ್ಯಾನ್ ಕೊಡ್ಬೇಕು ಅಂದ್ರೆ ವಿಎಂ ಕಾನ್ಫಿಗಲ್ಲಿ ಟ್ರಂಕ್ಸ್ ಅಂತ ಒಂದು ಆಪ್ಶನ್ ಬರೀಬೇಕು. ಅಂದ್ರೆ ವಿಎಂವೇರಲ್ಲಿ ದುಬಾರಿ ಲೈಸೆನ್ಸಿಗೆ ಸಿಗೋ ರೇಂಜ್ ಟ್ರಂಕು ಇಲ್ಲಿ ಕಾಸಿಲ್ದೇ ಸಿಗತ್ತೆ. ಹೊಸದಾಗಿ ಶುರು ಮಾಡೋರು ಕಣ್ಮುಚ್ಕೊಂಡು ಇದನ್ನೇ ಆರಿಸ್ಕೊಳ್ಳಿ.

ಆದ್ರೆ ಕಾರ್ಡ್ ನೋಡ್ಕೊಳ್ಳಿ. ವಿಲ್ಯಾನ್ ಅವೇರ್ ಟಿಕ್ ಹಾಕಿದ ತಕ್ಷಣ ಪ್ರಾಕ್ಸ್‌ಮಾಕ್ಸ್ ಬ್ರಿಡ್ಜಿಗೆ 2ರಿಂದ 4094 ಅಂತ ಅಷ್ಟೂ ವಿಲ್ಯಾನ್ ಬರೆದ್ಬಿಡತ್ತೆ. ಕರ್ನಲ್ ಅದನ್ನ ಕೆಳಗಿನ ನಿಕ್ಕಿನ ಹಾರ್ಡ್‌ವೇರ್ ಫಿಲ್ಟರಿಗೂ ಒಂದೊಂದಾಗಿ ತುಂಬಕ್ಕೆ ಹೋಗತ್ತೆ. ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಾಪಟ್ಟೆ ಸಿಗೋ ಮೆಲನಾಕ್ಸ್ ಕನೆಕ್ಟ್‌ಎಕ್ಸ್-3 ಕಾರ್ಡಲ್ಲಿ ಈ ಟೇಬಲ್ಲಲ್ಲಿ ಇರೋದು 128 ಜಾಗ. ಅದು ತುಂಬಿದ ಕೂಡ್ಲೇ ಬರೋ ಎರರ್ ಮೆಸೇಜು "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂತ, ಜನ ಪಾಪ ಡಿಸ್ಕ್ ತುಂಬಿದೆ ಅಂದ್ಕೊಂಡು ಲಾಗ್ ಫೈಲ್ ಅಳಿಸ್ತಾ ಕೂತಿರ್ತಾರೆ! ಕನೆಕ್ಟ್‌ಎಕ್ಸ್-4 ಎಲ್‌ಎಕ್ಸಲ್ಲಿ ಇದೇ ಲಿಮಿಟ್ಟು 512, ಅದು ಎರರ್ ಕೂಡ ಜೋರಾಗಿ ಹೇಳಲ್ಲ, ಕೆಲವು ವಿಲ್ಯಾನ್ ಬಿಟ್ಬಿಡ್ತೀನಿ ಅಂತ ಕರ್ನಲ್ ಲಾಗಲ್ಲಿ ಒಂದು ಸಾಲು ಬರೆದು ಸುಮ್ನಾಗತ್ತೆ, ನೀವು ವಿಲ್ಯಾನ್ 300 ಕೆಲಸ ಮಾಡತ್ತೆ 900 ಮಾಡಲ್ಲ ಯಾಕೆ ಅಂತ ಸ್ವಿಚ್ ಟೀಮಿನವರ ಜೊತೆ ಜಗಳ ಆಡ್ತಿರ್ತೀರ.

ಪರಿಹಾರ ಸುಲಭ. ಬ್ರಿಡ್ಜಿನ ವಿಲ್ಯಾನ್ ಐಡಿ ಪಟ್ಟಿಲಿ 2-4094 ತೆಗ್ದು ನಿಮಗೆ ಬೇಕಾಗಿರೋ ನಂಬರ್ ಮಾತ್ರ ಬರೀರಿ, ಇಪ್ಪತ್ತೋ ಮೂವತ್ತೋ ಇರತ್ತೆ ಅಷ್ಟೇ. ಆಮೇಲೆ ಹೊಸ ವಿಲ್ಯಾನ್ ಬಂದಾಗೆಲ್ಲಾ ಪ್ರತಿ ಹೋಸ್ಟಲ್ಲೂ ಈ ಸಾಲು ತಿದ್ಬೇಕು, ಅದೇ ಇದರ ಬೆಲೆ. ಕೆಲವು ಕಾರ್ಡಲ್ಲಿ ಈಥ್‌ಟೂಲ್ ಕಮಾಂಡಿಂದ ಈ ಫಿಲ್ಟರನ್ನೇ ಆಫ್ ಮಾಡ್ಬಹುದು, ಕೆಲವಲ್ಲಿ "ಫಿಕ್ಸ್ಡ್" ಅಂತ ತೋರಿಸಿ ಕೈ ಎತ್ತತ್ತೆ. ಇನ್ನೊಂದು ದಾರಿ ಲಿನಕ್ಸ್ ಬ್ರಿಡ್ಜಿನ ಬದ್ಲು ಓಪನ್ ವಿಸ್ವಿಚ್ ಅನ್ನೋ ಸಾಫ್ಟ್‌ವೇರ್ ಸ್ವಿಚ್ಚು, ಅದು ಕಾರ್ಡನ್ನ ಪ್ರಾಮಿಸ್ಕ್ಯುವಸ್ (ಬರೋ ಫ್ರೇಮೆಲ್ಲಾ ತಗೊಳ್ಳೋ) ಮೋಡಿಗೆ ಹಾಕಿ ಟ್ಯಾಗಿನ ಕೆಲಸ ತಾನೇ ಸಾಫ್ಟ್‌ವೇರಲ್ಲಿ ಮಾಡ್ಕೊಳ್ಳತ್ತೆ, ಫಿಲ್ಟರ್ ಟೇಬಲ್ ತಂಟೆಗೇ ಹೋಗಲ್ಲ. ಎಸ್‌ಪಿ ರೋಡಲ್ಲೋ ಆನ್‌ಲೈನಲ್ಲೋ ಹಳೇ 10 ಗಿಗಾಬಿಟ್ ಕಾರ್ಡ್ ತಗೊಳ್ಳೋರು ಸ್ಪೀಡ್ ಒಂದೇ ಕೇಳ್ಬೇಡಿ, ಚಿಪ್ ಯಾವ್ದು ಅಂತ ಕೇಳಿ.

ಬೇರೆ ಲಿಮಿಟ್ಟುಗಳು: ಒಂದು ಲಿನಕ್ಸ್ ಬ್ರಿಡ್ಜಿಗೆ 1024 ಪೋರ್ಟು, ಕರ್ನಲಲ್ಲೇ ಬರೆದಿಟ್ಟಿರೋದು, ಮುಟ್ಟಲ್ಲ ಬಿಡಿ. ಇಂಟರ್‌ಫೇಸ್ ಹೆಸರು 15 ಅಕ್ಷರ ದಾಟಂಗಿಲ್ಲ, ಎಸ್‌ಡಿಎನ್‌ನಲ್ಲಿ (ಎಲ್ಲಾ ಹೋಸ್ಟುಗಳ ನೆಟ್ವರ್ಕನ್ನ ಸಾಫ್ಟ್‌ವೇರಿಂದ ಒಂದೇ ಕಡೆ ನಡೆಸೋದು) ವಿನೆಟ್ (ಅದ್ರಲ್ಲಿ ಮಾಡೋ ವರ್ಚುಯಲ್ ನೆಟ್ವರ್ಕು) ಹೆಸರಂತೂ 8 ಅಕ್ಷರ ಅಷ್ಟೇ, ಹಾಗಾಗಿ ವಿಎಂವೇರಲ್ಲಿ ಇಟ್ಕೊಂಡಿದ್ದ ಉದ್ದುದ್ದ ಪೋರ್ಟ್ ಗ್ರೂಪ್ ಹೆಸರುಗಳು ಇಲ್ಲಿಗೆ ಹಾಗೇ ಬರಲ್ಲ, ಮೈಗ್ರೇಶನ್‌ಗೆ ಮುಂಚೆನೇ ಗಿಡ್ಡ ಹೆಸರುಗಳ ಒಂದು ಪಟ್ಟಿ ಮಾಡಿಟ್ಕೊಳ್ಳಿ.

ಎಸ್‌ಡಿಎನ್ ಅಂದ್ನಲ್ಲ, ಅದು 8.1ರಿಂದ, ಅಂದ್ರೆ 2023ರ ನವೆಂಬರಿಂದ, ಪ್ರಾಕ್ಸ್‌ಮಾಕ್ಸ್ ಜೊತೆಗೇ ಪೂರ್ತಿ ಸಪೋರ್ಟಲ್ಲಿ ಬರ್ತಿದೆ. ಬರೀ ಬ್ರಿಡ್ಜಲ್ಲಿ ಇದ್ರೆ ಪ್ರತಿ ಹೋಸ್ಟಿನ ನೆಟ್ವರ್ಕ್ ಫೈಲೂ ಬೇರೆ ಬೇರೆ. ಎಸ್‌ಡಿಎನಲ್ಲಿ ವಿಲ್ಯಾನ್ ಝೋನ್ ಮಾಡಿ ವಿನೆಟ್ ಹಾಕಿದ್ರೆ ಇಡೀ ಕ್ಲಸ್ಟರಿಗೆ ಒಂದೇ ಕಡೆ ಬರೆದು ಅಪ್ಲೈ ಒತ್ತಿದ್ರೆ ಆಯ್ತು, ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚಿನ ಮುಕ್ಕಾಲು ಅನುಕೂಲ ಸಿಕ್ಕಂಗೆ. ಜೊತೆಗೆ ಯಾವ ಯೂಸರು ಯಾವ ವಿಲ್ಯಾನ್ ಮುಟ್ಬಹುದು ಅಂತ ಪರ್ಮಿಶನ್ನೂ ಕೊಡ್ಬಹುದು.

ಹೈಪರ್-ವಿ

ನಿಮ್ಮ ಹತ್ರ ಆಗ್ಲೇ ವಿಂಡೋಸ್ ಸರ್ವರ್ ಡೇಟಾಸೆಂಟರ್ ಲೈಸೆನ್ಸ್ ಇದ್ಯಾ? ಇದ್ರೆ ಇದನ್ನ ಗಂಭೀರವಾಗಿ ನೋಡಿ, ಇಲ್ಲ ಅಂದ್ರೆ ನೆಟ್ವರ್ಕಿಗೋಸ್ಕರ ಅಂತ ಇಲ್ಲಿಗೆ ಬರೋದ್ರಲ್ಲಿ ಅರ್ಥ ಇಲ್ಲ. ಸ್ಟ್ಯಾಂಡರ್ಡ್ ಎಡಿಶನ್ ಲೈಸೆನ್ಸಲ್ಲಿ ಎರಡು ವಿಂಡೋಸ್ ವಿಎಂ, ಡೇಟಾಸೆಂಟರಲ್ಲಿ ಎಷ್ಟು ಬೇಕಾದ್ರೂ, ಮತ್ತೆ ಮೈಕ್ರೋಸಾಫ್ಟಿನ ಎಸ್‌ಡಿಎನ್ ಸಿಗೋದು ಡೇಟಾಸೆಂಟರಲ್ಲಿ ಮಾತ್ರ. ಫ್ರೀ ಹೈಪರ್-ವಿ ಸರ್ವರ್ 2019ಕ್ಕೇ ನಿಂತೋಗಿದೆ.

ವಿಂಡೋಸ್ ಸರ್ವರ್ 2022ರವರೆಗಿನ ವರ್ಷನ್‌ಗಳಲ್ಲಿ ವಿಎಂಗೆ 8 ನಿಕ್, ಹಳೇ ಜನರೇಶನ್ 1 ವಿಎಂ ಆದ್ರೆ ಇನ್ನು 4 ಲೆಗಸಿ ನಿಕ್, ಆ ಲೆಗಸಿ ನಿಧಾನ, ಲೆಕ್ಕಕ್ಕೆ ತಗೋಬೇಡಿ. ಅಂದ್ರೆ ಫೈರ್‌ವಾಲ್ ವಿಎಂ ಇಲ್ಲಿ ಇನ್ನೂ ಬೇಗ ಗೋಡೆಗೆ ಬಡಿಯತ್ತೆ. ಟ್ರಂಕ್ ಇದೆ, ರೇಂಜ್ ಕೂಡ ಕೊಡ್ಬಹುದು, ಎಲ್ಲಾ ಎಡಿಶನಲ್ಲೂ ಇದೆ, ಆದ್ರೆ ಹೈಪರ್-ವಿ ಮ್ಯಾನೇಜರಲ್ಲಿ ಎಲ್ಲೂ ಕಾಣಲ್ಲ, ಪವರ್‌ಶೆಲ್ಲಿಂದಾನೇ ಮಾಡ್ಬೇಕು. ನೇಟಿವ್ ವಿಲ್ಯಾನ್ (ಟ್ಯಾಗಿಲ್ಲದೇ ಬರೋ ಫ್ರೇಮುಗಳದ್ದು) ನಂಬರೂ ಅದೇ ಕಮಾಂಡಲ್ಲಿ ಕೊಡ್ಬೇಕು, ಸಾಮಾನ್ಯವಾಗಿ 0. ಬರೀ ಜಿಯುಐ ನೋಡಿ ಹೈಪರ್-ವಿಲಿ ಟ್ರಂಕ್ ಆಗಲ್ಲ ಅಂತ ತೀರ್ಮಾನ ಮಾಡಿರೋರು ತುಂಬಾ ಜನ ಇದಾರೆ.

ನನಗೆ ಇದ್ರಲ್ಲಿ ಹಿಡಿಸದೇ ಇರೋದು ಪೋರ್ಟ್ ಗ್ರೂಪ್ ಅನ್ನೋ ಕಲ್ಪನೆನೇ ಇಲ್ಲದಿರೋದು. ವಿಲ್ಯಾನ್ ನಂಬರನ್ನ ಪ್ರತಿ ವಿಎಂನ ಪ್ರತಿ ನಿಕ್ಕಿನ ಮೇಲೆ ಟೈಪ್ ಮಾಡ್ಬೇಕು, 210 ಬದ್ಲು 201 ಅಂತ ಬಿದ್ರೆ ಯಾರೂ ತಡಿಯೋರಿಲ್ಲ. ಹೆಸರಿಟ್ಟು ಪಟ್ಟಿ ಮಾಡ್ಕೋಬೇಕು ಅಂದ್ರೆ ಎಸ್‌ಸಿವಿಎಂಎಂ (ಮೈಕ್ರೋಸಾಫ್ಟಿನ ಬೇರೆ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರು) ಬೇಕು, ಅದರ ಲಾಜಿಕಲ್ ನೆಟ್ವರ್ಕು, ನೆಟ್ವರ್ಕ್ ಸೈಟು, ವಿಎಂ ನೆಟ್ವರ್ಕು, ಅಪ್‌ಲಿಂಕ್ ಪ್ರೊಫೈಲು ಇಷ್ಟನ್ನೂ ಅರ್ಥ ಮಾಡ್ಕೊಳ್ಳೋ ಹೊತ್ತಿಗೆ ಸಾಕಪ್ಪಾ ಸಾಕು ಅನ್ಸತ್ತೆ. ಪ್ರೈವೇಟ್ ವಿಲ್ಯಾನ್ ಮಾತ್ರ ಇಲ್ಲಿ ಚೆನ್ನಾಗಿದೆ, ಐಸೊಲೇಟೆಡ್, ಕಮ್ಯುನಿಟಿ, ಪ್ರಾಮಿಸ್ಕ್ಯುವಸ್ ಮೂರೂ ಇದೆ, ಹೆಚ್ಚಿನ ದುಡ್ಡಿಲ್ಲ.

ಅಪ್‌ಲಿಂಕ್ ಕಡೆ ಒಂದು ಎಚ್ಚರಿಕೆ, ಸರ್ವರ್ 2016ರಿಂದ ಬಂದಿರೋ ಎಸ್‌ಇಟಿ ಟೀಮಿಂಗಲ್ಲಿ (ಹಲವು ಫಿಸಿಕಲ್ ನಿಕ್ ಸೇರಿಸಿ ಒಂದು ಮಾಡೋದು) 8 ನಿಕ್‌ವರೆಗೆ ಹಾಕ್ಬಹುದು, ಆದ್ರೆ ಎಲ್ಲಾ ಒಂದೇ ಥರದ್ದು ಒಂದೇ ಸ್ಪೀಡಿಂದಿರ್ಬೇಕು ಮತ್ತೆ ಎಲ್‌ಎಸಿಪಿ (ಸ್ವಿಚ್ಚಿನ ಜೊತೆ ಮಾತಾಡ್ಕೊಂಡು ಲಿಂಕುಗಳನ್ನ ಒಂದು ಮಾಡೋ ಪದ್ಧತಿ) ಇಲ್ಲ. ಹಳೇ ಎಲ್‌ಬಿಎಫ್‌ಓ ಟೀಮಿಂಗಲ್ಲಿ ಎಲ್‌ಎಸಿಪಿ ಇತ್ತು, ಆದ್ರೆ ಹೈಪರ್-ವಿ ಸ್ವಿಚ್ಚಿನ ಕೆಳಗೆ ಅದನ್ನ ಹಾಕೋದನ್ನ 2022ರಿಂದ ಬಿಡಿಸ್ತಿದಾರೆ. ನಿಮ್ಮ ಫಿಸಿಕಲ್ ಸ್ವಿಚ್ಚಲ್ಲಿ ಪೋರ್ಟ್ ಚಾನೆಲ್ (ಹಾಗೆ ಒಂದು ಮಾಡಿದ ಲಿಂಕುಗಳು) ಕಟ್ಟಿಟ್ಟಿದ್ರೆ ಅದನ್ನ ಬಿಚ್ಬೇಕಾಗತ್ತೆ, ನೆಟ್ವರ್ಕ್ ಟೀಮಿಗೆ ಮೊದ್ಲೇ ಹೇಳಿಡಿ.

ಎಕ್ಸ್‌ಸಿಪಿ-ಎನ್‌ಜಿ

ಇದನ್ನ ಬೇಗ ಮುಗಿಸ್ತೀನಿ. ಫ್ರಾನ್ಸಿನ ವೇಟ್ಸ್ ಕಂಪನಿ ನೋಡ್ಕೊಳ್ಳೋ ಓಪನ್ ಸೋರ್ಸ್ ಝೆನ್ ಹೈಪರ್‌ವೈಸರು, ಒಳಗೆ ಓಪನ್ ವಿಸ್ವಿಚ್. ವಿಎಂಗೆ 7 ನಿಕ್, ನಾಲ್ಕರಲ್ಲೂ ಕಮ್ಮಿ. ಇದರ ಮೂಲ ಸಿಟ್ರಿಕ್ಸಿನ ಝೆನ್‌ಸರ್ವರು, ಅವರ ಪಟ್ಟಿಲಿ ಹೋಸ್ಟಿಗೆ 800 ವಿಲ್ಯಾನ್, 512 ವರ್ಚುಯಲ್ ನಿಕ್ ಅಂತ ಇತ್ತು, ಅದು ಟೆಸ್ಟ್ ಮಾಡಿ ಸಪೋರ್ಟ್ ಕೊಟ್ಟಿದ್ದ ಮಿತಿ. ಟ್ಯಾಗಿಲ್ಲದ ಮೂಲ ನೆಟ್ವರ್ಕಿಗೆ ವಿಎಂ ಜೋಡಿಸಿದ್ರೆ ಟ್ಯಾಗ್ ಇರೋ ಫ್ರೇಮುಗಳೂ ಒಳಗೆ ಬರತ್ತೆ, ಅಂದ್ರೆ ಟ್ರಂಕ್ ತಾನಾಗೇ ಸಿಗತ್ತೆ, ರೇಂಜ್ ಕೇಳ್ಬೇಡಿ. ವಿಲ್ಯಾನ್ ಒಂದ್ಸಲ ಪೂಲಲ್ಲಿ (ಹೋಸ್ಟುಗಳ ಗುಂಪು) ಮಾಡಿದ್ರೆ ಎಲ್ಲಾ ಹೋಸ್ಟಿಗೂ ತಾನೇ ಹೋಗತ್ತೆ, ಇದು ನಿಜವಾಗ್ಲೂ ಚೆಂದ, ಹೆಸರೂ ಎಷ್ಟುದ್ದ ಬೇಕಾದ್ರೂ ಇಡ್ಬಹುದು. ಆದ್ರೆ ಒಳಗೊಳಗೆ ಪ್ರತಿ ವಿಲ್ಯಾನಿಗೆ ಪ್ರತಿ ಹೋಸ್ಟಲ್ಲಿ ಒಂದೊಂದು ದಾಖಲೆ ಆಗತ್ತೆ, ನೂರು ವಿಲ್ಯಾನ್ ಹದಿನಾರು ಹೋಸ್ಟ್ ಅಂದ್ರೆ ಸಾವಿರದ ಆರ್ನೂರು. ಹಳೇ ಝೆನ್‌ಸರ್ವರಿಂದ ಬರೋರಿಗೆ, ವಿಸೆಂಟರ್ ಥರದ್ದೇ ಒಂದು ಮುಖ ಬೇಕು ಅನ್ನೋರಿಗೆ ಇದು ಸರಿ.

ಹಾಗಾದ್ರೆ ಯಾರಿಗೆ ಯಾವ್ದು

ಮನೆ ಲ್ಯಾಬು, ಒಂದು ಹೋಸ್ಟು, ಒಂದು ಸ್ಮಾರ್ಟ್ ಸ್ವಿಚ್ಚು, ಐದಾರು ವಿಲ್ಯಾನ್: ಪ್ರಾಕ್ಸ್‌ಮಾಕ್ಸ್, ವಿಲ್ಯಾನ್ ಅವೇರ್ ಬ್ರಿಡ್ಜ್, ಮುಗೀತು. ಕೆಲಸಕ್ಕೆ ವಿಎಂವೇರ್ ಕಲೀಬೇಕು ಅಂತ ಇದ್ರೆ ಮಾತ್ರ ಫ್ರೀ ಇಎಸ್‌ಎಕ್ಸ್‌ಐ.

ಮೂರು ಹೋಸ್ಟು, ನಲವತ್ತು ಐವತ್ತು ವಿಎಂ, ಇಪ್ಪತ್ತು ವಿಲ್ಯಾನ್ ಇರೋ ಸಣ್ಣ ಕಂಪನಿ: ಇಲ್ಲಿ ಯೋಚ್ನೆ ಮಾಡ್ಬೇಕು. ವಿಎಂವೇರ್ ಸ್ಟ್ಯಾಂಡರ್ಡಲ್ಲೇ ಇದ್ದು ಸ್ಟ್ಯಾಂಡರ್ಡ್ ಸ್ವಿಚ್ಚಲ್ಲೇ ಕಾಲ ಹಾಕ್ಬಹುದು, ಮೂರು ಹೋಸ್ಟಲ್ಲಿ ಪೋರ್ಟ್ ಗ್ರೂಪ್ ಕೈಯಲ್ಲಿ ಮಾಡೋದು ಅಂಥ ಕಷ್ಟ ಏನಲ್ಲ, ಹೆಸರು ಮೂರ್ಕಡೆನೂ ಒಂದೇ ಥರ ಇರ್ಲಿ, ಇಲ್ಲ ಅಂದ್ರೆ ವಿಮೋಶನ್ (ಓಡ್ತಿರೋ ವಿಎಂನ ಬೇರೆ ಹೋಸ್ಟಿಗೆ ಸಾಗ್ಸೋದು) ಆಗಲ್ಲ. ನೆಟ್ವರ್ಕ್ ಕಾರಣಕ್ಕೇ ಫೌಂಡೇಶನ್‌ಗೆ ಏರ್ಬೇಡಿ, ಅಷ್ಟು ದುಡ್ಡಿಗೆ ಇಪ್ಪತ್ತು ವಿಲ್ಯಾನ್ ಮಾಡೋ ಕೆಲಸ ಅರ್ಧ ಗಂಟೆದು. ಲಿನಕ್ಸ್ ಗೊತ್ತಿರೋ ಒಬ್ರು ಆಫೀಸಲ್ಲಿದ್ರೆ ಪ್ರಾಕ್ಸ್‌ಮಾಕ್ಸ್ ಎಸ್‌ಡಿಎನ್ ವಿಲ್ಯಾನ್ ಝೋನ್ ಇದಕ್ಕಿಂತ ಮೇಲು. ಇರೋದೆಲ್ಲಾ ವಿಂಡೋಸ್ ವಿಎಂ, ನೋಡ್ಕೊಳ್ಳೋರೂ ವಿಂಡೋಸ್ ಜನ, ಡೇಟಾಸೆಂಟರ್ ಲೈಸೆನ್ಸ್ ಆಗ್ಲೇ ಕೊಂಡಾಗಿದೆ ಅಂದ್ರೆ ಹೈಪರ್-ವಿ ಬಿಟ್ಟು ಬೇರೆ ಹುಡುಕೋದು ಸುಮ್ನೆ ಶ್ರಮ, ವಿಲ್ಯಾನ್ ಹಾಕೋದಕ್ಕೆ ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಬರೆದಿಟ್ಕೊಂಡ್ರೆ ನಂಬರ್ ತಪ್ಪೋ ಸಮಸ್ಯೆನೂ ಹೋಗತ್ತೆ.

ಇಂಜಿನಿಯರಿಂಗ್ ಕಾಲೇಜ್ ಲ್ಯಾಬು, ಪ್ರತಿ ಬ್ಯಾಚಿಗೂ ಬೇರೆ ನೆಟ್ವರ್ಕು, ಹುಡುಗ್ರು ಒಬ್ಬರದ್ದೊಬ್ರು ಮುಟ್ಬಾರ್ದು: ಪ್ರಾಕ್ಸ್‌ಮಾಕ್ಸಿನ ಪರ್ಮಿಶನ್ನು ಇಲ್ಲಿ ಬಂಗಾರ. ಆದ್ರೆ ಕೆಳಗೆ ಆ ಹಳೇ 2960 ಇದ್ರೆ 128ರ ಮಾತು ನೆನಪಿರ್ಲಿ. ಬ್ಯಾಚುಗಳ ವಿಲ್ಯಾನ್ ಹೋಸ್ಟಿಂದ ಆಚೆ ಹೋಗೋ ಅಗತ್ಯನೇ ಇಲ್ಲ ಅಂದ್ರೆ ಅವನ್ನ ಫಿಸಿಕಲ್ ಸ್ವಿಚ್ಚಿಗೆ ಕಳಿಸ್ಲೇಬೇಡಿ, ಅಪ್‌ಲಿಂಕ್ ಇಲ್ಲದ ಬ್ರಿಡ್ಜೊಂದು ಮಾಡಿ ಒಳಗೇ ಇಟ್ಕೊಳ್ಳಿ, ಆಗ ಸ್ವಿಚ್ಚಿನ ಲಿಮಿಟ್ಟು ಸಂಬಂಧನೇ ಇಲ್ಲ.

ನೂರಾರು ಹೋಸ್ಟು, ಆಡಿಟ್ಟು, ಯಾರ ಮೇಲಾದ್ರೂ ಟಿಕೆಟ್ ಹಾಕಿದ್ರೆ ಎತ್ತೋರು ಬೇಕು ಅನ್ನೋ ದೊಡ್ಡ ಸಂಸ್ಥೆ: ಡಿಸ್ಟ್ರಿಬ್ಯೂಟೆಡ್ ಸ್ವಿಚ್ಚು ದುಬಾರಿ ಆದ್ರೂ ಅದಕ್ಕೆ ಸಮ ಇನ್ನೂ ಬಂದಿಲ್ಲ, ಇರೋಷ್ಟು ದಿನ ಇರಿ. ವಿಸ್ಫಿಯರ್ 7ರ ಸಪೋರ್ಟ್ 2025ರ ಅಕ್ಟೋಬರಲ್ಲಿ ಮುಗಿದಿದೆ, 8ಕ್ಕೆ 2027ರ ಅಕ್ಟೋಬರ್‌ವರೆಗೆ ಟೈಮಿದೆ, ಅಷ್ಟರೊಳಗೆ ಒಂದು ಸಣ್ಣ ಕ್ಲಸ್ಟರಲ್ಲಿ ಬೇರೆದನ್ನ ಓಡಿಸಿ ನೋಡಿ.

ಇನ್ನು ಹೋಸ್ಟಿಂಗ್ ಮಾಡೋರು, ಪ್ರತಿ ಕಸ್ಟಮರಿಗೂ ಒಂದೋ ಎರಡೋ ಪ್ರೈವೇಟ್ ನೆಟ್ವರ್ಕ್ ಕೊಡೋರು. 4094 ನಿಜವಾಗ್ಲೂ ಖಾಲಿ ಆಗೋದು ಇವರಿಗೆ ಮಾತ್ರ. ಕ್ಲೌಡ್ ನಡೆಸೋ ಸಾಫ್ಟ್‌ವೇರ್ ಅಪಾಚೆ ಕ್ಲೌಡ್‌ಸ್ಟ್ಯಾಕಲ್ಲಿ ವಿಲ್ಯಾನ್ ಐಸೊಲೇಶನ್ ಇಟ್ರೆ ಪ್ರತಿ ಐಸೊಲೇಟೆಡ್ ನೆಟ್ವರ್ಕೂ ಒಂದು ವಿಲ್ಯಾನ್ ನುಂಗತ್ತೆ, ಎರಡು ಸಾವಿರ ಕಸ್ಟಮರ್ ಆದ್ರೆ ತುದಿ ಕಾಣ್ಸತ್ತೆ. ಇವರಿಗೆ ಕ್ಯೂ-ಇನ್-ಕ್ಯೂ ಒಂದು ದಾರಿ, ಟ್ಯಾಗಿನ ಮೇಲೆ ಟ್ಯಾಗು, ಆದ್ರೆ ಸ್ವಿಚ್ಚುಗಳ ಮ್ಯಾಕ್ ಟೇಬಲ್ (ಯಾವ ನಿಕ್ಕಿನ ವಿಳಾಸ ಯಾವ ಪೋರ್ಟಲ್ಲಿದೆ ಅನ್ನೋ ಪಟ್ಟಿ) ಹಾಗೇ ತುಂಬ್ತಾ ಹೋಗತ್ತೆ, ಯಾಕಂದ್ರೆ ಎಲ್ಲಾ ವಿಎಂನ ಮ್ಯಾಕೂ ಕೆಳಗೆ ಕಾಣ್ತಾನೇ ಇರತ್ತೆ. ಸರಿಯಾದ ದಾರಿ ವಿಎಕ್ಸ್‌ಲ್ಯಾನು, ಅಂದ್ರೆ ವಿಎಂನ ಫ್ರೇಮನ್ನ ಐಪಿ ಪ್ಯಾಕೆಟಲ್ಲಿ ಸುತ್ತಿ ಕಳ್ಸೋದು, 24 ಬಿಟ್, 1 ಕೋಟಿ 67 ಲಕ್ಷ ನೆಟ್ವರ್ಕು, ಕೆಳಗಿನ ಸ್ವಿಚ್ಚುಗಳಿಗೆ ಕಾಣೋದು ಹೋಸ್ಟುಗಳ ಐಪಿ ಮಾತ್ರ. ವಿಎಂವೇರಲ್ಲಿ ಇದಕ್ಕೆ ಎನ್‌ಎಸ್‌ಎಕ್ಸ್ (ಅವರ ಎಸ್‌ಡಿಎನ್) ಬೇಕು, ಅದು ಈಗ ವಿಎಕ್ಸ್‌ಲ್ಯಾನ್ ಬಿಟ್ಟು ಜೆನೀವ್ ಅನ್ನೋ ಅಂಥದ್ದೇ ಪದ್ಧತಿ ಬಳಸತ್ತೆ, ಖರ್ಚು ಕೇಳಿದ್ರೆ ಕೂತ್ಕೊಂಡು ಕೇಳಿ. ಪ್ರಾಕ್ಸ್‌ಮಾಕ್ಸಲ್ಲಿ ವಿಎಕ್ಸ್‌ಲ್ಯಾನ್ ಝೋನು, ಇವಿಪಿಎನ್ (ವಿಎಕ್ಸ್‌ಲ್ಯಾನ್ ನೆಟ್ವರ್ಕುಗಳ ಮಧ್ಯೆ ರೂಟಿಂಗೂ ಮಾಡೋದು) ಝೋನು ಎರಡೂ ಇದೆ, 2025ರ ಆಗಸ್ಟಲ್ಲಿ ಬಂದ 9.0ಲಿ ಹೋಸ್ಟುಗಳ ಮಧ್ಯದ ರೂಟಿಂಗಿಗೆ ಫ್ಯಾಬ್ರಿಕ್ಸ್ ಅಂತಾನೂ ಸೇರಿಸಿದಾರೆ. ಒಂದೇ ತೊಡಕು, ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟಿಗೂ 50 ಬೈಟ್ ಸೇರಿಸತ್ತೆ, ಹಾಗಾಗಿ ಒಂದಾ ವಿಎಂಗಳ ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) 1450ಕ್ಕೆ ಇಳಿಸಿ, ಇಲ್ಲಾ ಕೆಳಗಿನ ಸ್ವಿಚ್ಚುಗಳಲ್ಲಿ 1600 ಅಥವಾ 9000 ಮಾಡಿ. ಕಸ್ಟಮರುಗಳ ವಿಎಂ ಒಳಗೆ ನೀವು ಕೈ ಹಾಕಕ್ಕಾಗಲ್ಲ, ಅದಕ್ಕೆ ಎರಡನೇದೇ ಮಾಡಿ, ಅದೂ ಮೊದಲ ಕಸ್ಟಮರ್ ಬರೋಕೆ ಮುಂಚೆ ಮಾಡಿ. ಪಿಂಗ್ ಹೋಗತ್ತೆ, ಎಸ್‌ಎಸ್‌ಎಚ್ ಲಾಗಿನ್ ಆಗತ್ತೆ, ದೊಡ್ಡ ಫೈಲ್ ಕಾಪಿ ಮಾತ್ರ ನಿಂತೋಗತ್ತೆ ಅಂತ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಬೇರೆ ಏನೂ ಹುಡುಕ್ದೇ ಮೊದ್ಲು ಎಂಟಿಯು ನೋಡಿ.